ತಿಕೋಟಾದ ರೊಟ್ಟಿಯನ್ನು ಕುಗ್ಗಿಸಿಕೊಡಬೇಕೆಂದು ಕೋರಿ

ಪಥ್ಯಾಹಾರ ವಿಭಾಗದ ಮಾನ್ಯ ಮುಖ್ಯಸ್ಥರಿಗೆ ಜೋರಾಪುರ ಪೇಟೆಯ ಸಲ್ಮಾನನು ತಲೆಬಾಗಿ ಮಾಡುವ ಸಲಾಮುಗಳು. ತಾವು ಕ್ಷೇಮವಾಗಿದ್ದೀರೆಂದೂ, ತಮ್ಮ ಕೆಂಪು ಪೆನ್ನು ತಮಗಿಂತ ಹೆಚ್ಚು ಕ್ಷೇಮವಾಗಿದೆಯೆಂದೂ ತಿಳಿದು ಸಂತೋಷವಾಯಿತು.

ಮಾನ್ಯರೇ, ನಾನು ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವನು. ತಪಾಸಣೆಗೆ ಬಂದ ಸಾಹೇಬರಿಗೆ, ಗಣಿತದ ಮಾಸ್ತರರು ಆ ವರ್ಷ ಎರಡೇ ಸಲ ಬಂದಿದ್ದರೆಂದು ನಿಜ ಹೇಳಿದ ಮೇಲೆ ಅಲ್ಲಿ ನನಗೆ ಕೂರಲು ಬೆಂಚು ಉಳಿಯಲಿಲ್ಲ. ನನ್ನ ತಂಗಿ ಸಾನಿಯಾ ಮಾತ್ರ ಡಯಟೀಶಿಯನ್ ಆಗಲೆಂದು ತಮ್ಮಲ್ಲಿ ಕೊನೆಯ ವರ್ಷ ಓದುತ್ತಿದ್ದಾಳೆ. ಅವಳ ತರಬೇತಿಯ ವರದಿಗೆ ತಮ್ಮ ಸಹಿ ಬೀಳದಿದ್ದರೆ ಅವಳು ಪರೀಕ್ಷೆಗೆ ಕೂರುವಂತಿಲ್ಲ.

ವರದಿಗಾಗಿ ಅವಳು ತಿಕೋಟಾದ ಕಾಳವ್ವ ಎಂಬ, ಸಕ್ಕರೆ ಕಾಯಿಲೆಯ ಹಿರಿಯರ ಊಟವನ್ನು ನೋಡಿಕೊಳ್ಳಬೇಕಿತ್ತು. ತಾವು ಕೊಟ್ಟ ಪಟ್ಟಿಯಲ್ಲಿ ಹೊತ್ತಿಗೆ ಎರಡು ರೊಟ್ಟಿ ಎಂದಿತ್ತು. ಕಾಳವ್ವನವರು ಮೂರನೆಯದನ್ನು ಮುಟ್ಟಲಿಲ್ಲ. ಆದರೂ ಸಕ್ಕರೆ ಇಳಿಯದೆ, ಆಸ್ಪತ್ರೆಯವರು ಗುಳಿಗೆ ಹೆಚ್ಚಿಸಲು ಹೊರಟರು. ಆಗ ಸಾನಿಯಾ ತಕ್ಕಡಿಯೊಂದನ್ನು ಮಡಿಲಲ್ಲಿಟ್ಟುಕೊಂಡು ನನ್ನ ಬೈಕಿನ ಹಿಂದೆ ಕೂತು, ಸರಿಯಾಗಿ ಊಟದ ಹೊತ್ತಿಗೆ ಅವರ ಮನೆಗೆ ಹೋದಳು. ಹಂಚಿನ ಅಂಚು ದಾಟಿ ಹೊರಗಿಣುಕುತ್ತಿದ್ದ ಒಂದು ರೊಟ್ಟಿಯನ್ನು ತೂಗಿದರೆ ಇನ್ನೂರ ಹತ್ತು ಗ್ರಾಂ!

“ಎರಡ ಅಂದ್ರಿ, ಎರಡ ತಿಂದೇನಿ ತಂಗಿ,” ಎಂದರು ಕಾಳವ್ವ. “ಎರಡರಾಗ ಹೊಟ್ಟಿ ತುಂಬಬೇಕಲ್ಲ? ಅದಕ್ಕ ಒಂದೀಟ ಅಗಲ ಬಡದೇನಿ.”

“ಒಂದೀಟ ಅಲ್ರಿ ಅಕ್ಕಾರ, ರೊಟ್ಟಿ ಬಡಿಯೋ ಪರಾತ ಸಾಲವಲ್ದು!” ಎಂದು ಸೊಸೆ ಕಸ್ತೂರಿ ಒಲೆಯ ಮುಂದಿನಿಂದಲೇ ಸಾನಿಯಾಳತ್ತ ತಿರುಗಿ ನಕ್ಕಳು.

ಸಾನಿಯಾ ಡಬ್ಬಿಯೊಂದರ ಮುಚ್ಚಳ ಕೊಟ್ಟು, ರೊಟ್ಟಿ ಇದರಷ್ಟೇ ಇರಲಿ ಎಂದಳು. ಎರಡು ವಾರದಲ್ಲಿ ಸಕ್ಕರೆ ಇಳಿಯತೊಡಗಿತು, ಗುಳಿಗೆ ಹೆಚ್ಚಿಸುವ ಮಾತು ನಿಂತಿತು. ಅವಳು ಕಂಡದ್ದನ್ನೆಲ್ಲ ಕಂಡಂತೆ ಬರೆದಳು. ತಾವು ಆ ಇನ್ನೂರ ಹತ್ತರ ಸುತ್ತ ಕೆಂಪು ವೃತ್ತ ಎಳೆದು, ‘ರೊಟ್ಟಿ ನಲವತ್ತು ಗ್ರಾಂ ಮಾತ್ರ. ಪುಸ್ತಕದಂತೆ ತಿದ್ದಿ ಸೋಮವಾರ ತರುವುದು’ ಎಂದು ಅಪ್ಪಣೆ ಮಾಡಿದಿರಿ. ತಿಕೋಟಾಕ್ಕೆ ಹೋಗುವ ಅಥಣಿ ರಸ್ತೆಯ ಧೂಳನ್ನೂ ಮೂಸದೆ ಹಾಸ್ಟೆಲಿನಲ್ಲೇ ಕೂತು ಎರಡು ರೊಟ್ಟಿಗೆ ಎಂಬತ್ತು ಗ್ರಾಂ ಎಂದು ಬರೆದವರಿಗೆ ಪೂರ್ಣ ಅಂಕ ದಯಪಾಲಿಸಿದಿರಿ. ತಿನ್ನುವವರ ಮುಖ ನೋಡದೆ ತಿಂದದ್ದನ್ನು ತೂಗುವ ಈ ವಿದ್ಯೆಗೆ ನಮ್ಮ ಪೇಟೆಯ ದಲಾಲರೂ ಕೈ ಮುಗಿದಾರು.

ಆದ್ದರಿಂದ ಪುಸ್ತಕವನ್ನು ತಿದ್ದುವ ಶ್ರಮ ತಮಗೆ ಬೇಡ. ತಿಕೋಟಾದ ರೊಟ್ಟಿಗಳೆಲ್ಲ ಸೋಮವಾರದೊಳಗೆ ನಲವತ್ತು ಗ್ರಾಮಿಗೆ ಇಳಿಯತಕ್ಕದ್ದು ಎಂದು ಒಂದು ಸುತ್ತೋಲೆ ಹೊರಡಿಸಬೇಕು. ಬಬಲೇಶ್ವರದ ಹೆಣ್ಣುಮಕ್ಕಳ ಕೈ ಇನ್ನೂ ಧಾರಾಳವಾದುದರಿಂದ ಅಲ್ಲಿಗೆ ಎರಡು ಪ್ರತಿ ಕಳಿಸಬೇಕು. ಕಾಳವ್ವನವರ ರಕ್ತಕ್ಕೂ ತಮ್ಮ ಪುಸ್ತಕವನ್ನು ಓದಿಸಿ, ಒಪ್ಪದಿದ್ದರೆ ಅದನ್ನೂ ಅನುತ್ತೀರ್ಣಗೊಳಿಸಬೇಕು.

ನಿಜ ಹೇಳುವುದಾದರೆ, ಇಂದು ಬೆಳಿಗ್ಗೆ ನಾನೇ ಹೆದರಿ, “ತಿದ್ದಿಬಿಡ ಬೇ, ಒಂದ ಸಹಿ ಸಲುವಾಗಿ ವರ್ಷ ಕಳಕೊಂತೀಯೇನ?” ಎಂದೆ. ಶಾಲೆ ಬಿಟ್ಟ ಮೇಲೆ ನಾನು ಆಡಿದ ಅತಿ ನಾಚಿಕೆಯ ಮಾತು ಅದು. ಅವಳು ತಲೆ ಎತ್ತದೆ, “ನಾ ತೂಕ ತಿದ್ದಿದ್ರ, ನಾಳೆ ಮತ್ತೊಬ್ಬ ಕಾಳವ್ವನ ಗುಳಿಗಿ ಯಾರ ತಿದ್ದತಾರ ಅಣ್ಣಾ?” ಎಂದಳು. ಇದಕ್ಕೆ ಉತ್ತರ ತಮ್ಮಲ್ಲಿದ್ದರೆ ನಾಳೆ ಸೋಮವಾರ ಅವಳಿಗೇ ಹೇಳಿರಿ. ವರದಿ ಇದ್ದಂತೆಯೇ ತಮ್ಮ ಮೇಜಿಗೆ ಬರುತ್ತದೆ.

ತಮ್ಮ ಪುಸ್ತಕದ ವಿಶ್ವಾಸಿಯಲ್ಲದಿದ್ದರೂ,
ತಮ್ಮ ವಿಶ್ವಾಸಿ,
ಸಲ್ಮಾನ

ತಾ.ಕ.: ನಾಳೆ ಮೊದಲ ಬಸ್ಸಿಗೆ ಕಾಳವ್ವನವರೂ ಬರುತ್ತಿದ್ದಾರೆ, ತಮಗಾಗಿ ಹಳೆಯ ಅಳತೆಯಲ್ಲೇ ರೊಟ್ಟಿ ಕಟ್ಟಿಕೊಂಡು. ಎಷ್ಟು ತರಲಿ ಎಂದು ಕೇಳಿದರು. ಸಾಹೇಬರು ಪಥ್ಯದವರು, ಒಂದೇ ಸಾಕು ಎಂದಿದ್ದೇನೆ. ನಾಳೆ ಮಧ್ಯಾಹ್ನದ ತರಗತಿಗಳನ್ನು ದಯವಿಟ್ಟು ಇಂದೇ ರದ್ದುಪಡಿಸಿರಿ.