ಮೂರು ಕೊಟೇಶನ್ನಿನ ಧರ್ಮ

ಕೊಳ್ಳುವುದು ಒಂದು ಕಲೆ ಎಂದು ಹೇಳುವವರೆಲ್ಲ ಸಾಮಾನ್ಯವಾಗಿ ಬೇರೆಯವರ ದುಡ್ಡಿನಲ್ಲಿ ಕೊಂಡವರು. ನಾನೂ ಅವರಲ್ಲೊಬ್ಬ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಒಂದು ಪಾಲಿಶ್ ಕಾರ್ಖಾನೆಯಲ್ಲಿ ಖರೀದಿ ವಿಭಾಗದ ಮುಖ್ಯಸ್ಥನಾಗಿದ್ದೇನೆ. ಈ ವಿಭಾಗದಲ್ಲಿ ನನ್ನ ಕೈಕೆಳಗಿರುವುದು ಒಂದು ಟೇಬಲ್ ಫ್ಯಾನ್ ಮಾತ್ರ. ಅದೂ ಹೇಳಿದ ಕಡೆ ತಿರುಗುವುದಿಲ್ಲ. ಕಲ್ಲು ಕೊಯ್ಯುವ ಬ್ಲೇಡು, ಮಷೀನಿನ ಬೆಲ್ಟು, ಗ್ರೀಸು, ಲಾರಿಗೆ ಹೇರುವಾಗ ಕಲ್ಲುಗಳ ನಡುವೆ ತುರುಕುವ ಹುಲ್ಲು ಎಲ್ಲವನ್ನೂ ತರಿಸುವವನು ನಾನೇ. ಆದರೆ ವಾಡಿಯ ಸಂತೆಗೆ ಹೆಂಡತಿ ನನ್ನನ್ನು ಚೀಲ ಹಿಡಿಯುವುದಕ್ಕಷ್ಟೇ ಕರೆದೊಯ್ಯುತ್ತಾಳೆ. "ನೀವು ಸುಮ್ಕ ನಿಂದ್ರಿ. ನೀವು ಬಾಯಿ ತೆಗದ್ರ ಬದನಿಕಾಯಿ ತುಟ್ಟಿ ಆಗ್ತದ" ಅನ್ನುತ್ತಾಳೆ. ಅವಳು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಮಾರುವವರ ಮುಖ ನೋಡಿದರೆ ನನಗೆ ನಾಚಿಕೆಯಾಗುತ್ತದೆ, ಚೌಕಾಸಿ ಮಾಡುವ ಬದಲು ಅವರ ಮನೆಯವರ ಆರೋಗ್ಯ ವಿಚಾರಿಸಿ ಬಂದುಬಿಡುತ್ತೇನೆ.

ಅಂಥವನು ಇಷ್ಟು ವರ್ಷ ಖರೀದಿ ವಿಭಾಗ ನಡೆಸಿದ್ದು ಹೇಗೆ ಎಂದು ನೀವು ಕೇಳಬಹುದು. ಅದಕ್ಕೆ ನಮ್ಮ ಕಡೆ ಒಂದು ಸಂಪ್ರದಾಯವಿದೆ. ಯಾವ ಸಾಮಾನು ಕೊಳ್ಳಬೇಕಾದರೂ ಮೂರು ಅಂಗಡಿಗಳಿಂದ ಕೊಟೇಶನ್ ತರಬೇಕು, ಕಡಿಮೆ ಹೇಳಿದವರಿಗೆ ಆರ್ಡರ್ ಕೊಡಬೇಕು ಎಂದು ಕಂಪನಿಯ ನಿಯಮ. ನಾನು ಮೂರು ಅಂಗಡಿ ಸುತ್ತುವುದಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಗೌಸ್ ಮಿಯಾಗೆ ಹೇಳಿದರೆ ಸಾಕು, ಮೂರೂ ಅವರೇ ತರುತ್ತಾರೆ. ಒಂದು ಅವರದು, ಒಂದು ವಾಡಿಯ ಶರಣಪ್ಪನದು, ಇನ್ನೊಂದು ಚಿತ್ತಾಪುರದ ಮಾಣಿಕರಾಯರದು. ಉಳಿದಿಬ್ಬರ ದರ ಗೌಸ್ ಮಿಯಾರ ದರಕ್ಕಿಂತ ಒಂದಿಷ್ಟು ಜಾಸ್ತಿ ಇರುತ್ತದೆ. ಮುಂದಿನ ಸಲ ಶರಣಪ್ಪನ ಸರದಿ. ಆಗ ಗೌಸ್ ಮಿಯಾ ಜಾಸ್ತಿ ಬರೆದುಕೊಡುತ್ತಾರೆ. ಇದನ್ನು ಯಾರೂ ಮೋಸ ಎನ್ನುವುದಿಲ್ಲ, ಮದುವೆಯಲ್ಲಿ ಒಬ್ಬರಿಗೊಬ್ಬರು ಆಹೇರಿಯ ಉಡುಗೊರೆ ಕೊಟ್ಟಂತೆ ಲೆಕ್ಕ. ದರವೂ ಅನ್ಯಾಯದ್ದಾಗಿರುತ್ತಿರಲಿಲ್ಲ, ಮಾಲೂ ಹೊತ್ತಿಗೆ ಸರಿಯಾಗಿ ಬರುತ್ತಿತ್ತು.

ಅಷ್ಟರಲ್ಲಿ ಧಂದಾ ತಣ್ಣಗಾಯಿತು. ಜನರಿಗೆ ಕನ್ನಡಿಯಂತೆ ಹೊಳೆಯುವ, ಕಾಲಿಟ್ಟರೆ ಜಾರುವ ಟೈಲ್ಸ್ ಬೇಕಾದವು. ಜಾರಿ ಬಿದ್ದವರೂ ಮತ್ತೆ ಅದನ್ನೇ ಹಾಕಿಸಿದರು. ಕೋಡ್ಲಾದಲ್ಲಿ ಸಿಮೆಂಟಿನ ಚಿಮಣಿ ಹೊಗೆ ಉಗುಳುತ್ತಲೇ ಇತ್ತು, ನಮ್ಮ ಅಂಗಳದಲ್ಲಿ ಮಾತ್ರ ಫರ್ಸಿಯ ಅಟ್ಟಿಗಳ ಮೇಲೆ ಆಡು ಮಲಗಿದ್ದವು. ಇಂಥ ಕಷ್ಟಕಾಲದಲ್ಲಿ ಬುದ್ಧಿವಂತರು ಖರ್ಚು ಕಡಿಮೆ ಮಾಡುತ್ತಾರೆ. ನಮ್ಮ ಕಾರ್ಖಾನೆಯ ಸಾವ್ಕಾರರು ಖರ್ಚು ಕಡಿಮೆ ಮಾಡುವ ಸಾಫ್ಟ್‌ವೇರಿಗೆ ಖರ್ಚು ಮಾಡಿದರು. ಹೈದರಾಬಾದಿನ ದೊಡ್ಡ ಹೋಟೆಲಿನಲ್ಲಿ ಒಂದು ಸಭೆಗೆ ಹೋಗಿದ್ದರಂತೆ. ಅಲ್ಲಿ ಊಟ ಚೆನ್ನಾಗಿತ್ತಂತೆ. ಊಟದ ನಂತರ ಮಾಲು ಮಾರುವುದಕ್ಕಿಂತ ಮಾಲು ಕೊಳ್ಳುವುದರಲ್ಲೇ ಲಾಭವಿದೆ ಎಂದು ಅವರಿಗೆ ಜ್ಞಾನೋದಯವಾಯಿತು. ಬಂದವರೇ ನನ್ನನ್ನು ಕರೆದರು. "ನೋಡ್ರಿ, ಇನ್ ಮ್ಯಾಲ ಎಲ್ಲಾ ಸಿಸ್ಟಮ್ ಮ್ಯಾಲೇ ನಡೀಬೇಕು. ಸಿಸ್ಟಮ್ ಕಲತವರು ಉಳೀತಾರ. ಕಲೀದವರ ಕುರ್ಚಿ ಭೀ ನಾವು ಉಳಸೂದಿಲ್ಲ" ಎಂದರು. ವಿಭಾಗದಲ್ಲಿ ಕುರ್ಚಿ ಇದ್ದದ್ದು ಒಂದೇ. ಆ ರಾತ್ರಿಯಿಂದಲೇ ಹೆಂಡತಿ ನನಗೆ ಎರಡನೆಯ ಸಲ ಅನ್ನ ಬಡಿಸುವಾಗ ಒಂದು ಗಳಿಗೆ ಯೋಚಿಸತೊಡಗಿದಳು.

ಕಲಿತೆ. ಏನು ಮಾಡುವುದು, ಕಲಿತೆ. ಮೊದಲು ಸಿಸ್ಟಮ್ಮಿನಲ್ಲಿ ಹಾಕಿದ್ದು ಹುಲ್ಲು. ಸುಲೇಪೇಟದ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಬರುವ ಹುಲ್ಲಿಗೆ ಸಿಸ್ಟಮ್ಮು ಮಾಡೆಲ್ ನಂಬರ್ ಕೇಳಿತು. ವಾರಂಟಿ ಎಷ್ಟು ವರ್ಷ ಎಂದು ಕೇಳಿತು. ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ ಎಂದೂ ಕೇಳಿತು. ಖಾಲಿ ಬಿಟ್ಟರೆ ಮುಂದೆ ಹೋಗಗೊಡುವುದಿಲ್ಲ. ಕೊನೆಗೆ ವಾರಂಟಿ ಒಂದು ವರ್ಷ, ದುರಸ್ತಿಗೆ ರೈತ ಖುದ್ದಾಗಿ ಬರುತ್ತಾನೆ ಎಂದು ತುಂಬಿದೆ. ಒಪ್ಪಿಕೊಂಡಿತು. ಯಂತ್ರಗಳ ಬುದ್ಧಿಯ ಬಗ್ಗೆ ನನಗಿದ್ದ ಹೆದರಿಕೆ ಅವತ್ತು ಅರ್ಧ ಇಳಿಯಿತು.

ಆಮೇಲೆ ಬಂತು ಬ್ಲೇಡಿನ ಹರಾಜು. ಇದು ಉಲ್ಟಾ ಹರಾಜು. ಕೂಗುವವರು ಏರುವುದಿಲ್ಲ, ಇಳಿಯುತ್ತಾರೆ. ಯಾರು ಎಷ್ಟು ಹಾಕಿದರೆಂದು ಹೊತ್ತು ಮುಗಿಯುವ ತನಕ ಯಾರಿಗೂ ತೋರಿಸುವುದಿಲ್ಲ. ಒಮ್ಮೆ ಹಾಕಿದ ದರವನ್ನು ಇಳಿಸಬಹುದು, ಏರಿಸುವಂತಿಲ್ಲ. ಹೀಗೆ ಕತ್ತಲಲ್ಲಿ ಕೂಡಿಸಿದರೆ ವ್ಯಾಪಾರಿಗಳು ಒಬ್ಬರಿಗೊಬ್ಬರು ಹೆದರಿ ದರ ಇಳಿಸುತ್ತಾರೆ ಎಂಬುದು ಸಿಸ್ಟಮ್ಮಿನ ಒಳಗಿನ ತತ್ವ. ಹರಾಜಿನ ದಿನ ಬೆಳಿಗ್ಗೆ ನೋಡುತ್ತೇನೆ, ಗೌಸ್ ಮಿಯಾ, ಶರಣಪ್ಪ, ಮಾಣಿಕರಾಯರು ಮೂವರೂ ನನ್ನ ಕೋಣೆಯಲ್ಲಿ ಸಾಲಾಗಿ ಕೂತಿದ್ದಾರೆ. "ಅವರವರ ಅಂಗಡ್ಯಾಗ ಕುಂತು ಹಾಕಬೇಕ್ರಿ ಇದು" ಎಂದೆ. ಗೌಸ್ ಮಿಯಾಗೆ ಬೇಸರವಾಯಿತು. "ಏನ್ ಮಾತಾಡ್ತೀರಿ ಸಾಹೇಬ್ರ? ಒಬ್ರ ಮಾರಿ ಒಬ್ರಿಗಿ ಕಾಣಲಾರದಂಗ ರೇಟ್ ಹೇಳೂದಂದ್ರ ಕಳ್ಳರ ಧಂದಾ ಆಯ್ತಲ್ರಿ. ನಮಗ ಅದು ಬರಂಗಿಲ್ಲ. ಚಾ ತರಸ್ರಿ" ಎಂದರು. ಚಹಾ ಬಂತು. ಮೂವರ ಪಾಸ್‌ವರ್ಡೂ ನಾನೇ ಮಾಡಿಕೊಟ್ಟದ್ದು, ಮೂವರ ದರವನ್ನೂ ನಾನೇ ಒತ್ತಿದೆ. ಅವತ್ತು ಮಾಣಿಕರಾಯರ ಸರದಿ. ಜಾಗತಿಕ ಮಟ್ಟದ ಸ್ಪರ್ಧಾತ್ಮಕ ಖರೀದಿ ಬಿಸ್ಕಿಟ್ ಮುಗಿಯುವುದರೊಳಗೆ ಮುಗಿಯಿತು.

ಸಾವ್ಕಾರರ ಮೊಬೈಲಿನಲ್ಲಿ ಹಸಿರು ಗೆರೆಯೊಂದು ಮೇಲಕ್ಕೆ ಹೋಯಿತು. ಹಸಿರು ಅಂದರೆ ಉಳಿತಾಯ. ಯಾವುದಕ್ಕಿಂತ ಉಳಿತಾಯ ಎಂದು ಅವರು ಕೇಳಲಿಲ್ಲ, ಕೇಳದಿದ್ದವರಿಗೆ ಹೇಳುವ ಚಟ ನನಗಿಲ್ಲ. ನನ್ನ ಬೆನ್ನು ತಟ್ಟಿದರು. ಕುರ್ಚಿ ಗಟ್ಟಿಯಾಯಿತೆಂದು ನಾನು ಮನೆಗೆ ಜಿಲೇಬಿ ಒಯ್ದೆ. ಆದರೆ ಹಸಿರು ಗೆರೆಗೆ ಹಸಿವು ಜಾಸ್ತಿ. ಬ್ಲೇಡಾಯಿತು, ಬೆಲ್ಟಾಯಿತು, ಡೀಸೆಲ್ಲಾಯಿತು, ಗೇಟಿನ ಕಾವಲಾಯಿತು. ಹರಾಜಿಗೆ ಹಾಕಲು ಏನೂ ಉಳಿಯದಾದಾಗ ಹೈದರಾಬಾದಿನ ತರಬೇತುದಾರನೊಬ್ಬ ಮೊಬೈಲಿನ ಪರದೆಯ ಮೇಲೆ ಪ್ರತ್ಯಕ್ಷನಾಗಿ, ಖರೀದಿ ಮಾಡುವುದೂ ಒಂದು ಸೇವೆಯೇ, ಅದನ್ನೂ ಖರೀದಿಸಬಹುದು ಎಂದ. ಸಾವ್ಕಾರರಿಗೆ ಈ ಮಾತು ಹೋಟೆಲಿನ ಊಟಕ್ಕಿಂತ ರುಚಿಸಿತು. ಮರುದಿನ ನನಗೆ ಆದೇಶ ಬಂತು: ಖರೀದಿ ಮುಖ್ಯಸ್ಥನ ಕೆಲಸವನ್ನು ಹರಾಜಿಗೆ ಹಾಕತಕ್ಕದ್ದು. ಕಡಿಮೆ ದರ ಹೇಳಿದವರಿಗೆ ಕೆಲಸ. ಹರಾಜಿಗೆ ಹಾಕಬೇಕಾದವರು ಖರೀದಿ ಮುಖ್ಯಸ್ಥರೇ.

ಹೀಗೆ ನನ್ನನ್ನು ನಾನೇ ಸಿಸ್ಟಮ್ಮಿಗೆ ಏರಿಸಬೇಕಾಯಿತು. ಪ್ರಮಾಣ ಎಂಬಲ್ಲಿ ಒಂದು ಎಂದು ಬರೆದೆ. ಹೊಸದೋ ಬಳಸಿದ್ದೋ ಎಂಬಲ್ಲಿ ಬಹಳ ಹೊತ್ತು ಯೋಚಿಸಿ ಬಳಸಿದ್ದು ಎಂದೆ. ವಾರಂಟಿಯ ಜಾಗದಲ್ಲಿ ಹೆಂಡತಿಯ ಸಲಹೆ ಕೇಳಿದೆ. "ಹುಲ್ಲಿಗಿ ಒಂದು ವರ್ಷ ಹಾಕೀರಲ್ಲ, ನಿಮಗ ಅಷ್ಟು ಹಾಕಬ್ಯಾಡ್ರಿ, ಸುಳ್ಳಾಗ್ತದ" ಎಂದಳು. ತಮಾಷೆ ಮಾಡಿದಳು ನಿಜ, ಆದರೆ ಮಾತು ಮುಗಿಸಿ ಒಳಗೆ ಹೋದವಳು ಮತ್ತೆ ಹೊರಗೆ ಬಂದು, "ಹೋಗೂದಿಲ್ಲಲ್ರೀ ನೌಕರಿ?" ಎಂದು ಮೆಲ್ಲಗೆ ಕೇಳಿದಳು. ಆಗ ನನಗೆ ನಿಜವಾಗಿ ಭಯವಾಯಿತು. ಈ ವಯಸ್ಸಿನಲ್ಲಿ ಸೇಡಂ, ಚಿಂಚೋಳಿ ಎಂದು ಕೆಲಸ ಹುಡುಕಿಕೊಂಡು ತಿರುಗಿದರೆ ಬಳಸಿದ ಮಾಲನ್ನು ಯಾರು ಕೇಳುತ್ತಾರೆ?

ಗೌಸ್ ಮಿಯಾರ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಕನಿಷ್ಠ ಮೂರು ದರ ಬರದಿದ್ದರೆ ಹರಾಜು ರದ್ದಾಗಿ, ಕೆಲಸ ಹೊರಗಿನ ಏಜೆನ್ಸಿಗೆ ಹೋಗುತ್ತದೆ ಎಂದೆ. ಅವರು ತಕ್ಕಡಿಯಲ್ಲಿ ತೂಗುತ್ತಿದ್ದ ಮೊಳೆ ಅಲ್ಲೇ ಬಿಟ್ಟು ನನ್ನ ಕೈ ಹಿಡಿದರು. "ಫಿಕರ್ ಮಾಡಬ್ಯಾಡ್ರಿ. ಮೂರು ಕೊಟೇಶನ್ ನನ್ನ ಜಿಮ್ಮಾ. ಶರಣಪ್ಪಗ, ಮಾಣಿಕರಾಯ್ರಿಗಿ ನಾ ಹೇಳ್ತೀನಿ. ನಾವು ಮೂರೂ ಮಂದಿ ನಿಮ್ಮ ಪಗಾರದ ಮ್ಯಾಲೇ ಹಾಕ್ತೀವಿ. ನೀವು ಈಗಿನ ಪಗಾರನೇ ಹಾಕ್ರಿ, ಒಂದು ಪೈಸಾ ಇಳಸಬ್ಯಾಡ್ರಿ. ಈ ಸಲ ನಿಮ್ಮ ಸರದಿ." ನನ್ನ ಕಣ್ಣಲ್ಲಿ ನೀರು ಬಂತು. ಇಂಥ ಜನರನ್ನು ಕತ್ತಲಲ್ಲಿ ಕೂಡಿಸಿ ಹೆದರಿಸುತ್ತೇನೆ ಎನ್ನುವ ಸಾಫ್ಟ್‌ವೇರಿನ ಮೇಲೆ ಕನಿಕರವೂ ಬಂತು.

ಹರಾಜಿನ ದಿನ ಮೂವರೂ ಬಂದರು, ಚಹಾವೂ ಬಂತು. ಒಂದೇ ವ್ಯತ್ಯಾಸ. ನಾನೇ ಹರಾಜಿನಲ್ಲಿ ಇರುವಾಗ ಅವರ ದರ ನಾನು ಒತ್ತುವುದು ಚೆಂದವಲ್ಲವೆಂದು ಮೂವರೂ ತಮ್ಮ ತಮ್ಮ ಮೊಬೈಲಿನಲ್ಲಿ ತಾವೇ ಒತ್ತಿದರು. ನಾನು ನನ್ನ ಪಗಾರವನ್ನು ಹಾಕಿ ನಿಶ್ಚಿಂತೆಯಿಂದ ಕಪ್ಪು ಎತ್ತಿದೆ. ಪರದೆಯ ಮೇಲೆ ಕೆಂಪು ಅಕ್ಷರ ಮಿನುಗುತ್ತಿತ್ತು: ಇನ್ನೂ ಇಳಿಸಲು ಅವಕಾಶವಿದೆ. ನಕ್ಕೆ. ಅದು ಮತ್ತೆ ಮಿನುಗಿತು. ಗೌಸ್ ಮಿಯಾ ಮೊಬೈಲನ್ನು ಎದೆಗೆ ಹತ್ತಿರ ಹಿಡಿದುಕೊಂಡದ್ದು ಕಣ್ಣಿಗೆ ಬಿತ್ತು. ಯಾಕೆ ಹಾಗೆ ಹಿಡಿದಿದ್ದಾರೆ? ಅವರ ತಂಗಿಯ ಮಗ ಬಿ.ಕಾಂ. ಮಾಡಿ ಮನೆಯಲ್ಲೇ ಕೂತಿದ್ದಾನಲ್ಲ ಎಂಬುದು ನೆನಪಾಯಿತು. ಸ್ವಲ್ಪ ಇಳಿಸಿದೆ. ಶರಣಪ್ಪ ಏನನ್ನೋ ಒತ್ತಿ ತನ್ನಷ್ಟಕ್ಕೆ ನಕ್ಕ. ನಗುವಂಥದ್ದೇನಿದೆ? ಮತ್ತೆ ಇಳಿಸಿದೆ. ಮಾಣಿಕರಾಯರು ನನ್ನ ಟೇಬಲ್ ಫ್ಯಾನನ್ನು ತಮ್ಮ ಕಡೆ ತಿರುಗಿಸಿಕೊಂಡರು. ಈಗಿನಿಂದಲೇ ಕೋಣೆ ತಮ್ಮದಾಯಿತೇ? ಮೇಜಿನ ಕೆಳಗೆ ಕೈ ಇಟ್ಟುಕೊಂಡು, ಮೇಲೆ ಅವರ ಮನೆಯವರ ಆರೋಗ್ಯ ವಿಚಾರಿಸುತ್ತ, ಇಳಿಸಿದೆ, ಇಳಿಸಿದೆ, ಹೊತ್ತು ಮುಗಿಯುವ ತನಕ ಇಳಿಸುತ್ತಲೇ ಹೋದೆ. ಸಂತೆಯಲ್ಲಿ ಒಂದು ಬದನೆಕಾಯಿಯ ಮೇಲೆ ತೋರಿಸದ ಪೌರುಷವನ್ನೆಲ್ಲ ನನ್ನ ಮೇಲೆ ತೋರಿಸಿದೆ.

ಪರದೆ ತೆರೆಯಿತು. ಮೂವರ ದರವೂ ಕೊಟ್ಟ ಮಾತಿನಂತೆ ನನ್ನ ಹಳೆಯ ಪಗಾರದ ಮೇಲೆಯೇ ಇತ್ತು. ಶರಣಪ್ಪ ಯಾರಿಗೂ ಅನುಮಾನ ಬರದಿರಲೆಂದು ಚಿಲ್ಲರೆ ಸೇರಿಸಿ ಹಾಕಿದ್ದ. ಅವನು ನಕ್ಕದ್ದು ಅದಕ್ಕಂತೆ. ಎಲ್ಲಕ್ಕೂ ಕೆಳಗೆ, ಬಹಳ ಕೆಳಗೆ, ನಾನು ಗೆದ್ದು ಬಿದ್ದಿದ್ದೆ. ಮೊಬೈಲಿನಲ್ಲಿ ಸಾವ್ಕಾರರ ಸಂದೇಶ ಬಂತು. ಸಿಸ್ಟಮ್ ಬಂದಾಗಿನಿಂದ ಇಷ್ಟು ದೊಡ್ಡ ಉಳಿತಾಯ ಯಾವ ಮಾಲಿನಲ್ಲೂ ಆಗಿರಲಿಲ್ಲವಂತೆ. ಇದನ್ನು ಸಾಧಿಸಿದ ಖರೀದಿ ಮುಖ್ಯಸ್ಥರಿಗೆ ಅಭಿನಂದನೆಯಂತೆ. ಗೌಸ್ ಮಿಯಾ ಕನ್ನಡಕ ಏರಿಸಿ ನನ್ನ ಅಂಕಿ ನೋಡಿದರು. ಆಮೇಲೆ ಕೋಣೆಯಲ್ಲಿ ಇನ್ನೂ ಯಾರಾದರೂ ಇದ್ದಾರೇನೋ ಎಂಬಂತೆ ಸುತ್ತ ನೋಡಿದರು.

"ಯಾರ ಜೋಡಿ ಕುಸ್ತಿ ಹಿಡದಿದ್ರಿ ಸಾಹೇಬ್ರ?"

"ನೆಟ್‌ವರ್ಕ್ ಸರಿ ಇರಲಿಲ್ರಿ" ಎಂದೆ. ಮೂವರೂ ಎದ್ದರು. ಹೋಗುವಾಗ ಗೌಸ್ ಮಿಯಾ ಚಹಾದವನನ್ನು ಬಾಗಿಲ ಹೊರಗೆ ಕರೆದು, ನನಗೆ ಕೇಳಿಸಬಾರದೆಂದು ದನಿ ತಗ್ಗಿಸಿ, "ಇನ್ ಮ್ಯಾಲ ಸಾಹೇಬ್ರ ಚಾ ನನ್ನ ಖಾತಿಗಿ ಬರಕೋ" ಎಂದರು.