ಮರಳಿಗೆ ಸೈಕಲ್ ತುಳಿದ ಅಂಜುಬುರುಕ

ಹೆದರುವವನ ಮೇಲೆ ಹಾವು ಎಸೆದರು ಅನ್ನುತ್ತಾರಲ್ಲ, ನನ್ನ ಮೇಲೆ ಅದು ವಾರಕ್ಕೊಮ್ಮೆಯಾದರೂ ಬಂದು ಬೀಳುತ್ತದೆ. ಮುನಿರಾಬಾದಿನ ಕಾಲುವೆ ಆಫೀಸಿನಲ್ಲಿ ನೌಕರಿ ಮುಗಿಯುವವರೆಗೂ ಹಲ್ಲಿಗೆ, ಗುಡುಗಿಗೆ, ಮೇಲಿನ ಸಾಹೇಬರಿಗೆ ಅಂಜಿದೆ. ರಿಟೈರ್ ಆದ ಮೇಲೆ ಗೇರಿನ ಸೈಕಲ್ ಕೊಂಡು ಅದಕ್ಕೂ ಅಂಜತೊಡಗಿದೆ. ಒಂದು ದಿನ ಪಕ್ಕದ ಮನೆಯ ಮಾಸ್ತರರು, "ಹೊಳಿ ದಂಡಿ, ಗುಡ್ಡದ ದಾರಿ ಹಿಡದು ಗಂಗಾವತಿ ಆಚೆ ಮರಳಿ ಊರಿಗೆ ಹೋಗೂಣ್ರಿ. ರಾತ್ರಿ ನಿಮ್ಮ ತಂಗಿ ಮನ್ಯಾಗ ವಸ್ತಿ" ಅಂದರು. ನನ್ನ ಹೆಂಡತಿ ಷರತ್ತು ಹಾಕಿದಳು: "ನಡುವ ಅಂಜಿ ಟಂಟಂ ಆಟೋ ಹತ್ತಿದ್ರೋ, ಆ ಸೈಕಲ್ ನನ್ನ ತಮ್ಮಗ." ಆ ತಮ್ಮ ಹಾಲಿನ ಕ್ಯಾನು ತೂಗುಹಾಕಲು ಹಿಂದಿನ ಗಾಲಿಯ ಅಳತೆ ಆಗಲೇ ತೆಗೆದುಕೊಂಡು ಹೋಗಿದ್ದ.

ಹೊರಡುವುದೇ ಆಗಲಿಲ್ಲ

ಹೊರಟವರನ್ನು "ಎಲ್ಲಿಗೆ?" ಅಂತ ಕೇಳಬಾರದು. ಕೇಳಿದರೆ ಅಪಶಕುನ, ಒಳಗೆ ಹೋಗಿ, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಹೆಲ್ಮೆಟ್ ಹಾಕಿದ ನಮ್ಮಿಬ್ಬರನ್ನು ನೋಡಿ ಕಾಲನಿಯಲ್ಲಿ ಕೇಳದವರೇ ಇಲ್ಲ. ಹಾಲಿನವನು ಕೇಳಿದ, ಒಳಗೆ ಹೋದೆವು. ಪೇಪರಿನವನು ಕೇಳಿದ, ಮತ್ತೆ ಹೋದೆವು. ಬಿಸಿಲು ಏರಿತು, ಹೊಟ್ಟೆಯಲ್ಲಿ ನೀರು ಕುಲುಕತೊಡಗಿತು. ಕೊನೆಗೆ ಮಾಸ್ತರರು, "ಅವರು ಕೇಳೂದ್ರಾಗ ನಾವ ಹೇಳಿಬಿಡೂಣು" ಅಂದರು. ಎದುರು ಬಂದವರಿಗೆಲ್ಲ "ಮರಳಿಗೆ ಹೊಂಟೇವ್ರಿ!" ಅಂತ ಕೂಗುತ್ತ ಹೊರಟೆವು. ಗೇಟಿನ ಹತ್ತಿರ ಒಬ್ಬ ಅಜ್ಜ, "ಯಾಕ?" ಅಂದ. ನಾನು ಬ್ರೇಕ್ ಹಿಡಿದೆ.

"ಯಾಕ ಅಂದ್ರ ದೋಷ ಇಲ್ರಿ, ತುಳೀರಿ!" ಅಂದರು ಮಾಸ್ತರರು.

ಬ್ರೇಕು

ಸಾಣಾಪುರದ ಕಡೆಯ ಗುಡ್ಡ ಹತ್ತುವಾಗ ಉಸಿರು ಹೋಯಿತು, ಇಳಿಯುವಾಗ ಜೀವವೇ ಹೋಯಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆ ಕಾಲುವೆ. ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು, ಸೈಕಲ್ಲಿನಿಂದ ಇಳಿದು, ಇಳಿಜಾರಿನಲ್ಲೂ ತಳ್ಳುತ್ತಿದ್ದೆ. ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ, "ಯಾಕ್ರಿ, ಏನಾಗೇತಿ?" ಅಂದ. ಮರ್ಯಾದೆಗೆ ಅಂಜಿ "ಬ್ರೇಕ್ ಕೆಟ್ಟೈತಿ" ಅಂದೆ. ಪುಣ್ಯಾತ್ಮ ಎರಡೂ ಸೈಕಲ್ ಟ್ರಾಲಿಗೆ ಎತ್ತಿಹಾಕಿ, ನಾವು ಬೆವರು ಸುರಿಸಿ ದಾಟಿದ ಗುಡ್ಡವನ್ನೇ ಮತ್ತೆ ಹತ್ತಿಸಿ, ಹಿಂದಿನ ಊರಿನ ಸೈಕಲ್ ಅಂಗಡಿಗೆ ಮುಟ್ಟಿಸಿದ. ಟಂಟಂ ಅಲ್ಲ, ಅದೂ ಹಿಂದಕ್ಕೆ ಹೋಗಿದ್ದು. ಷರತ್ತು ಮುರಿಯಲಿಲ್ಲ ಅಂದುಕೊಂಡೆ.

ಅಂಗಡಿಯವನು ಹಿಡಿದು ನೋಡಿ, "ಬ್ರೇಕ್ ಛಲೋ ಐತಲ್ರಿ!" ಅಂದ.

"ಭಾಳ ಛಲೋ ಐತಿ," ಅಂದರು ಮಾಸ್ತರರು, "ಇವರಿಗೆ ಬಿಡಾಕ ಬರಂಗಿಲ್ಲ."

ಡಬ್ಬಿ

ಹೀಗೆ ಗಂಗಾವತಿಯ ಈಚೆಯ ಗುಡ್ಡದಲ್ಲೇ ಹೊತ್ತು ಮುಳುಗಿತು. ಚಿರತೆ ಅಡ್ಡಾಡುತ್ತದೆ ಅಂತ ಚಹಾದಂಗಡಿಯಲ್ಲಿ ಹೇಳಿದ್ದರು. ಪಕ್ಕದ ಗದ್ದೆಯಿಂದ ಒಮ್ಮೆಲೇ ಘರ್ಜನೆ! ಸೈಕಲ್ ಬಿಸಾಕಿ ಮಾಸ್ತರರನ್ನು ತಬ್ಬಿಕೊಂಡೆ. ಅವರು ನನಗಿಂತ ಮೊದಲೇ ನನ್ನನ್ನು ತಬ್ಬಿಕೊಂಡಿದ್ದರು. ಸತ್ತೆ ಅಂದುಕೊಂಡೆ. ಹಾಲಿನ ಕ್ಯಾನು ಕಣ್ಣ ಮುಂದೆ ಬಂತು.

ಬ್ಯಾಟರಿ ಹಿಡಿದ ರೈತನೊಬ್ಬ ಬದುವಿನ ಮೇಲೆ ಬಂದ. "ಅಂಜಬ್ಯಾಡ್ರಿ, ಹಂದಿ ಓಡ್ಸಾಕ ಹಚ್ಚಿದ ಸ್ಪೀಕರ್ ಡಬ್ಬಿ ಅದು. ದನಿ ತುಂಬಿ ಕೊಡ್ತಾರ."

"ಹಂಗಾರ ಖರೇ ಚಿರತಿ ಇಲ್ಲನ್ರಿ?" ಅಂದೆ.

"ಯಾಕಿಲ್ಲ? ಐತಿ. ಆದ್ರ ಅದು ಹಿಂಗ ಒದರಂಗಿಲ್ಲ. ಸಪ್ಪಳಾನ ಮಾಡಂಗಿಲ್ಲ."

ಮುಂದಿನ ದಾರಿಯ ಕಡೆ ಕಿವಿಗೊಟ್ಟೆವು. ಏನೂ ಸಪ್ಪಳವಿರಲಿಲ್ಲ.

"ಯಪ್ಪಾ, ಆ ಡಬ್ಬಿ ಇನ್ನಷ್ಟು ಜೋರ ಹಚ್ಚು" ಅಂತ ಕೈಮುಗಿದೆ. ಹಚ್ಚಿದ. ಆ ಘರ್ಜನೆಯ ಧೈರ್ಯದಲ್ಲಿ ತುಳಿದೆವು. ಅದು ಕೇಳಿಸದಾದಾಗ ಮಾಸ್ತರರು ತಾವೇ ಘರ್ಜಿಸತೊಡಗಿದರು, ನಾನೂ ದನಿಗೂಡಿಸಿದೆ. ಇಬ್ಬರೂ ಘರ್ಜಿಸುತ್ತಲೇ ಗುಡ್ಡ ಇಳಿದೆವು. ಊರು ಕಂಡ ಮೇಲೆ ಸುಮ್ಮನಾದೆವು.

ಊರ ಬಾಯಲ್ಲಿ ಜನ ಬಡಿಗೆ ಹಿಡಿದು ನಿಂತಿದ್ದರು. "ಗುಡ್ಡದಾಗ ಎರಡು ಚಿರತಿ ಒದರಾಕತ್ತಾವು, ಈ ಕಡೇನ ಬರಾಕತ್ತಾವು. ಹೆಂಗ ಪಾರಾದ್ರಿ? ಸೈಕಲ್ ಮ್ಯಾಲೆ ಮುಂದ ಹೋಗಬ್ಯಾಡ್ರಿ, ಹತ್ರಿ!" ಅನ್ನುತ್ತ ನನ್ನ ಸೈಕಲ್ ಎತ್ತಿ ಟಂಟಂಗೆ ಹಾಕಿಯೇಬಿಟ್ಟರು.

ಎಷ್ಟು ಬೇಡಿಕೊಂಡರೂ ಬಿಡಲೊಲ್ಲರು. ಬೇರೆ ದಾರಿ ಕಾಣದೆ ನಡುಬೀದಿಯಲ್ಲಿ ನಿಂತು, ಕಣ್ಣುಮುಚ್ಚಿ, ಎಲ್ಲರ ಮುಂದೆ ಒಮ್ಮೆ ಘರ್ಜಿಸಿ ತೋರಿಸಿದೆ.

ಒಬ್ಬ ಮುದುಕಿ ಬಡಿಗೆ ಕೆಳಗಿಟ್ಟು, "ಸೈಕಲ್ ಇಳಿಸಿ ಕೊಡ್ರೋ. ಖರೇ ಚಿರತಿ ಇವರ ದನಿಗೆ ಅಂಜಿ ಇಷ್ಟೊತ್ತಿಗೆ ಕುಷ್ಟಗಿ ದಾಟಿರಬೇಕು" ಅಂದಳು.