ಹಲ್ಲಿಲ್ಲದ ಪ್ರೊದ್ರೊಮೊಸ್

ಪ್ರೊದ್ರೊಮೊಸನ ದವಡೆಹಲ್ಲು ಬೆಳಗಿನಿಂದ ಸುತ್ತಿಗೆ ಹೊಡೆಯುತ್ತಿತ್ತು. ಅದಕ್ಕಿಂತ ಜೋರಾಗಿ ಹೊಡೆದದ್ದು ಡಾಕ್ಟರ್ ಎವಾಂಥಿಯಾಳ ಮಾತು.

"ಕೀಳೋದೇನನ್ನ? ಈ ಎಕ್ಸ್‌ರೇಲಿ ಒಂದು ಹಲ್ಲೂ ಇಲ್ವಲ್ಲೋ!"

ಪರದೆಯ ಮೇಲೆ ಸವೆದ ಕುದುರೆಲಾಳದಂಥ ಬೋಳು ದವಡೆ. ಗ್ರೀಸಿನ ಕವಾಲಾ ಊರಿನ ಉಳಿದ ಹಲ್ಲಿನ ಡಾಕ್ಟರುಗಳೆಲ್ಲ ಆಗಸ್ಟ್ ರಜೆಗೆ ಸಮುದ್ರದಂಡೆ ಸೇರಿಯಾಗಿತ್ತು. ಈಕೆಯೂ ಮಧ್ಯಾಹ್ನ ಬಾಗಿಲು ಹಾಕುವವಳು. ಇವತ್ತು ಕೀಳದಿದ್ದರೆ ತಿಂಗಳಿಡೀ ನರಕ. ಇನ್ನೂ ಉರಿಯುವ ಸಂಗತಿಯೆಂದರೆ, ಎಕ್ಸ್‌ರೇಗಳನ್ನು ದೂರದ ಸರ್ವರ್ ಕಂಪ್ಯೂಟರಿಗೆ ಕಳಿಸಿ ತರಿಸುವ ಪ್ರೋಗ್ರಾಂ ಬರೆದವನು ಅವನೇ.

ಹೊರಗೆ ಕಾಯುತ್ತಿದ್ದ ಬೇಕರಿಯ ಸುಲ್ತಾನಾ ಬಾಗಿಲಲ್ಲಿ ತಲೆ ತೂರಿಸಿದಳು. "ಅಯ್ಯೋ ಪಾಪ, ಈ ವಯಸ್ಸಿಗೇ?"

"ನಿನ್ನ ಕೆಲಸ ನೋಡ್ಕೊ!" ಎಂದವನೇ, ಸರ್ವರ್ ನೋಡಿಕೊಳ್ಳುವ ಇಯೊರ್ದಾನಿಸನಿಗೆ ಫೋನ್ ಮಾಡಿ ಗುಡುಗಿದ. "ನಿನ್ನ ಹಾಳು ಡಬ್ಬ ಯಾರದೋ ಬಾಯನ್ನ ನನಗೆ ಅಂಟಿಸಿದೆ!"

"ಡಬ್ಬಕ್ಕೆ ಬೈಬೇಡಪ್ಪ. ನಿನ್ನ ಪ್ರೋಗ್ರಾಂ 'ಪುಟ್' ಅಂತ ಒಂದು ಹೆಸರು ಹೇಳಿ ಚಿತ್ರ ಕೊಡುತ್ತೆ. ಇದು ಇಟ್ಕೊಂಡು 'ಇನ್ನೂರು' ಅನ್ನುತ್ತೆ, ಅಂದ್ರೆ 'ಎಲ್ಲ ಸರಿ' ಅಂತ. ಅದೇ ಹೆಸರಲ್ಲಿ ಇನ್ನೊಂದು ಬಂದ್ರೆ ಹಳೇದನ್ನ ಬಿಸಾಕಿ ಹೊಸದು ಇಡುತ್ತೆ. ಆಗ್ಲೂ 'ಎಲ್ಲ ಸರಿ'. 'ಗೆಟ್' ಅಂದ್ರೆ ಇರೋದನ್ನ ಕೊಡುತ್ತೆ. ಇವತ್ತು ನಿನ್ನ ಹೆಸರಲ್ಲಿ ಎರಡು ಬಂದಿವೆ."

ಎರಡನೆಯದು ಯಾರದೆಂದು ಹುಡುಕಬೇಕಾಗಲಿಲ್ಲ. ಪಕ್ಕದ ಕೋಣೆಯಲ್ಲಿ ಹೊಸ ಕಟ್ಟುಹಲ್ಲು ಹಾಕಿಸಿಕೊಳ್ಳಲು ಅವನ ಅಜ್ಜ ಕೂತಿದ್ದ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಟ್ಟಿದ್ದರು.

"ಹೆಸರಿನ ಜೊತೆ ಅಪ್ಪನ ಹೆಸರೂ ಸೇರಿಸ್ತೀನಿ. ಇಬ್ಬರದೂ ಮತ್ತೆ ತೆಗೀರಿ!" ಎಂದು ಕೆನ್ನೆ ಹಿಡಿದುಕೊಂಡೇ ಕೀಲಿಮಣೆಯನ್ನು ಕುಟ್ಟಿ ಪ್ರೋಗ್ರಾಂ ತಿದ್ದಿದ. ಮೊದಲು ಅವನ ಚಿತ್ರ ಹೋಯಿತು. ಎಲ್ಲ ಸರಿ. ಆಮೇಲೆ ಅಜ್ಜನದು. ಎಲ್ಲ ಸರಿ.

ಎವಾಂಥಿಯಾ 'ಪ್ರೊದ್ರೊಮೊಸ್, ಸವ್ವಾಸನ ಮಗ' ಎಂದು ಸರ್ವರನ್ನು ಕೇಳಿದಳು. ಮತ್ತೆ ಅದೇ ಬೋಳು ದವಡೆ.

"ಹೇಗೆ ಸಾಧ್ಯ!" ಅವನು ಅರಚಿದ.

"ಕಿರುಚ್ಬೇಡ್ವೋ," ಎಂದ ಅಜ್ಜ ಆಚೆಯಿಂದ. "ನಾನೂ ಸವ್ವಾಸನ ಮಗನೇ. ನಮ್ಮಪ್ಪನ ಹೆಸರು ನಿಮ್ಮಪ್ಪನಿಗಿಟ್ಟೆ, ಅವನು ನನ್ನ ಹೆಸರು ನಿನಗಿಟ್ಟ. ಇನ್ನೇನು, ಬೀದೀಲಿ ಹೋಗೋನ ಹೆಸರಿಡ್ಬೇಕಿತ್ತಾ?"

"ಇನ್ನೊಂದೇ ಒಂದ್ಸಲ ತೆಗೀರಿ, ಡಾಕ್ಟ್ರೇ!"

"ಒಂದೇ ದಿನ ಮೂರನೇ ಎಕ್ಸ್‌ರೇನಾ? ಆಗಲ್ಲ. ಬೇರು ಎಲ್ಲಿದೆ ಅಂತ ನೋಡದೆ ಕೀಳೋಳೂ ನಾನಲ್ಲ. ರಜೆ ಮುಗಿಸ್ಕೊಂಡು ಬರ್ತೀನಿ." ಅಜ್ಜನ ಬಾಯಿಗೆ ಕಟ್ಟುಹಲ್ಲು ಕೂರಿಸಿ, ಎಲ್ಲರನ್ನೂ ಹೊರಗಟ್ಟಿ, ಬೀಗ ಜಡಿದು ಹೊರಟೇಬಿಟ್ಟಳು.

ಸಂಜೆ ಮನೆಯಲ್ಲಿ ಅಜ್ಜ ಸುಟ್ಟ ಆಕ್ಟೋಪಸ್ಸನ್ನು ಹೊಸ ಹಲ್ಲಿನಿಂದ ಕಟಕಟನೆ ಅಗಿಯುತ್ತಿದ್ದ. ಎದುರಿಗೆ ಮೊಮ್ಮಗ ತಣ್ಣನೆಯ ಸೂಪನ್ನು ಹೀರುತ್ತಿದ್ದ. ಹಲ್ಲಿಲ್ಲದ ಪ್ರೊದ್ರೊಮೊಸ್ ಯಾರೆಂಬುದನ್ನು ಸರ್ವರ್ ಬೆಳಿಗ್ಗೆಯೇ ಹೇಳಿತ್ತು, ಇವನೇ ಕೇಳಿರಲಿಲ್ಲ.

"ಹೇಗಿದೆ ಮಗಾ?" ಎಂದ ಅಜ್ಜ.

ಸಿಟ್ಟಿಗೆ ಹಲ್ಲು ಕಡಿಯಲೂ ಆಗದೆ ಅವನೆಂದ: "ಎಲ್ಲ ಸರಿ."